ಓದೋದು ಸುಲಭ, ಕಳಿಸೋದೇ ಕಷ್ಟ: ಕೋಲಾರದ ಮಂಡಿಗೆ ಚಾಟ್ ಸರ್ವರ್ ಬರೆದ ಅನುಭವ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ವ್ಯಾಪಾರ ನಡೆಯೋದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. ಹರಾಜು ಶುರುವಾದರೆ ರೇಟು ಒಂದು ಕಡೆ ನಿಲ್ಲುವುದಿಲ್ಲ. ಬೆಳೆಗಾರರು, ಮಂಡಿಯವರು, ಲಾರಿಯವರು ಒಂದೇ ಗುಂಪಿನಲ್ಲಿ ಮಾತಾಡಿಕೊಳ್ಳಲಿ ಅಂತ ನಾನೊಂದು ಚಾಟ್ ಸರ್ವರ್ ಬರೆದೆ. ಸಿ ಭಾಷೆ, ಲಿನಕ್ಸ್, ಎರಡು ಪ್ರೊಸೆಸರ್ ಕೋರಿನ ಬಾಡಿಗೆ ಯಂತ್ರ, ಅಷ್ಟೇ.

ಚಾಟ್‌ನಲ್ಲಿ ಫೋನು ದಿನವಿಡೀ ಕನೆಕ್ಟ್ ಆಗಿರುತ್ತದೆ, ಮಾತು ಮಾತ್ರ ಅಪರೂಪಕ್ಕೊಮ್ಮೆ. ಒಬ್ಬೊಬ್ಬರಿಗೂ ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ತನ್ನಷ್ಟಕ್ಕೆ ನಡೆಯುವ ಕೆಲಸದ ಎಳೆ) ಕೊಟ್ಟರೆ, ಅದು ಓದಲು ಹೋಗಿ ಅಲ್ಲೇ ನಿಂತುಬಿಡುತ್ತದೆ. ಲಿನಕ್ಸ್‌ನಲ್ಲಿ ಒಂದು ಥ್ರೆಡ್ಡಿನ ಕೆಲಸದ ಮೆಮೊರಿಯಾದ ಸ್ಟ್ಯಾಕ್‌ಗೆ ಸಾಮಾನ್ಯವಾಗಿ 8 ಎಂಬಿ ವಿಳಾಸದ ಜಾಗ ಮೀಸಲು. ಅಷ್ಟೂ ಮೆಮೊರಿ ಖರ್ಚಾಗುವುದಿಲ್ಲ, ನಿಜ. ಆದರೂ ಸಾವಿರಾರು ಥ್ರೆಡ್‌ಗಳನ್ನು ಸುಮ್ನೆ ಕಾಯೋಕೆ ನಿಲ್ಲಿಸೋದು ದಂಡ.

ನಮ್ಮ ಕಡೆ ಕೆರೆ ಕೆಳಗಿನ ಗದ್ದೆಗಳಿಗೆಲ್ಲ ಒಬ್ಬನೇ ನೀರಗಂಟಿ ಇರುತ್ತಿದ್ದ. ಒಂದು ಗದ್ದೆಗೆ ನೀರು ತಿರುಗಿಸಿ ಮುಂದಿನದಕ್ಕೆ ಹೋಗುತ್ತಿದ್ದ. ಅದು ತುಂಬೋ ತನಕ ಬದುವಿನ ಮೇಲೆ ಕೂರುತ್ತಿರಲಿಲ್ಲ. ಇವೆಂಟ್ ಲೂಪ್, ಅಂದರೆ ಸಿದ್ಧವಿರುವ ಕನೆಕ್ಷನ್‌ಗಳ ಕೆಲಸವನ್ನಷ್ಟೇ ಮಾಡುತ್ತಾ ಸುತ್ತುವ ಒಂದೇ ಥ್ರೆಡ್, ಮಾಡೋದೂ ಇದನ್ನೇ. ಪ್ರತಿ ಸಾಕೆಟ್ಟನ್ನೂ (ಒಂದು ಕನೆಕ್ಷನ್ನಿನ ನಮ್ಮ ಕಡೆಯ ತುದಿ) ನಾನ್-ಬ್ಲಾಕಿಂಗ್, ಅಂದರೆ ಕಾಯಿಸದ ಹಾಗೆ, ಮಾಡಬೇಕು. ಆಗ ಓದಲು ಏನೂ ಇಲ್ಲದಿದ್ದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ನಮ್ಮನ್ನು ಕಾಯಿಸದೆ ‘ಇಎಗೇನ್’, ಅಂದರೆ ‘ಆಮೇಲೆ ಬಾ’, ಅಂತ ವಾಪಸ್ ಕಳಿಸುತ್ತದೆ.

ಯಾವ ಸಾಕೆಟ್ ಸಿದ್ಧ ಅಂತ ತಿಳಿಯಲು ಹಳೆಯ ದಾರಿ ‘ಸೆಲೆಕ್ಟ್’. ಲಿನಕ್ಸ್‌ನಲ್ಲಿ ಅದರ ಮಿತಿ 1024, ಮೇಲಾಗಿ ಪ್ರತಿ ಸಲವೂ ಇಡೀ ಪಟ್ಟಿಯನ್ನು ಕರ್ನಲ್‌ಗೆ ಒಪ್ಪಿಸಬೇಕು. ಒಂದೇ ಯಂತ್ರದಲ್ಲಿ ಹತ್ತು ಸಾವಿರ ಕನೆಕ್ಷನ್ ನಡೆಸೋದು ಹೇಗೆ ಅಂತ ಪ್ರೋಗ್ರಾಮರ್ ಡ್ಯಾನ್ ಕೆಗೆಲ್ 1999ರಲ್ಲಿ ಕೇಳಿದ್ದರು. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮಿಗೆ 2000ದಲ್ಲಿ, ಸಿದ್ಧವಾದ ಸಾಕೆಟ್‌ಗಳನ್ನಷ್ಟೇ ತಿಳಿಸುವ ‘ಕೆಕ್ಯೂ’ ಬಂತು. ಲಿನಕ್ಸ್ 2.6ರ ಹೊತ್ತಿಗೆ ಅದೇ ಕೆಲಸದ ‘ಇಪೋಲ್’ ಸಿಕ್ಕಿತು. ನಾನು ಬಳಸಿದ್ದು ಇಪೋಲ್. ಲಿನಕ್ಸ್ ಸಾಕೆಟ್ಟನ್ನೂ ಫೈಲ್ ಅಂತಲೇ ಎಣಿಸುತ್ತದೆ, ಹಾಗಾಗಿ ಪ್ರೋಗ್ರಾಮ್ ತೆರೆಯಬಹುದಾದ ಫೈಲ್‌ಗಳ ಮಿತಿಯನ್ನೂ ಏರಿಸಿಕೊಳ್ಳಬೇಕು. ಅದು ಸಾಮಾನ್ಯವಾಗಿ 1024ಕ್ಕೇ ನಿಂತಿರುತ್ತದೆ.

ಓದುವ ಭಾಗ ನಿಜಕ್ಕೂ ಸುಲಭ. ಡೇಟಾ ಸಾಗಿಸುವ ಟಿಸಿಪಿ ನಿಯಮಕ್ಕೆ ಮೆಸೇಜ್ ಅನ್ನೋದು ಗೊತ್ತಿಲ್ಲ, ಬರೀ ಬೈಟ್‌ಗಳ ಹರಿವು. ಅದಕ್ಕೇ ಪ್ರತಿ ಮೆಸೇಜಿನ ಮುಂದೆ 4 ಬೈಟ್‌ನಲ್ಲಿ ಉದ್ದ ಬರೆದೆ. ಕೋಲಾರದವರು ಕನ್ನಡದಲ್ಲೂ ಬರೆಯುತ್ತಾರೆ, ತೆಲುಗಿನಲ್ಲೂ ಬರೆಯುತ್ತಾರೆ. ಅಕ್ಷರಗಳನ್ನು ಬೈಟ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿ ಎರಡೂ ಲಿಪಿಯ ಒಂದೊಂದು ಸಂಕೇತಕ್ಕೆ 3 ಬೈಟ್. ‘ಟೊಮೆಟೊ’ ಅಂದರೆ ಮೂರು ವ್ಯಂಜನ, ಮೂರು ಸ್ವರಚಿಹ್ನೆ, ಒಟ್ಟು 18 ಬೈಟ್. ಒಮ್ಮೆ ಓದಿದಾಗ ಅಕ್ಷರದ ನಡುವೆಯೇ ತುಂಡಾಗಿ ಬರಬಹುದು. ಮೆಸೇಜ್ ಪೂರ್ತಿ ಸೇರುವ ತನಕ ಅದನ್ನು ಬರೀ ಬೈಟ್ ಅಂತಲೇ ಇಟ್ಟುಕೊಳ್ಳಬೇಕು, ಅಕ್ಷರ ಮಾಡಲು ಹೋಗಬಾರದು.

ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಕಳಿಸುವ ಭಾಗಕ್ಕೆ. ನೀವು 5,000 ಬೈಟ್ ಕೊಟ್ಟರೆ ಕರ್ನಲ್ 2,000 ಮಾತ್ರ ತೆಗೆದುಕೊಂಡು ಸಾಕು ಅನ್ನಬಹುದು. ಉಳಿದದ್ದನ್ನು ಆ ಕನೆಕ್ಷನ್ನಿನ ಸಾಲಿನಲ್ಲಿ ಇಟ್ಟು, ‘ಇನ್ನು ಬರೆಯಬಹುದು ಅಂದಾಗ ಎಬ್ಬಿಸು’ ಅಂತ ಇಪೋಲ್‌ಗೆ ಹೇಳಬೇಕು. ಸಾಲು ಖಾಲಿಯಾದ ಕೂಡಲೇ ಆ ಕೋರಿಕೆ ತೆಗೆಯಬೇಕು. ಲೆವೆಲ್-ಟ್ರಿಗರ್ ಕ್ರಮದಲ್ಲಿ (ಬರೆಯಲು ಜಾಗ ಇರುವಷ್ಟು ಹೊತ್ತೂ ಎಬ್ಬಿಸುತ್ತಲೇ ಇರುವ ಕ್ರಮ) ಅದನ್ನು ಹಾಗೇ ಬಿಟ್ಟರೆ ಲೂಪ್ ಕಣ್ಣು ಮುಚ್ಚದೆ ಸುತ್ತುತ್ತದೆ, ಇಡೀ ಕೋರ್ ಅದಕ್ಕೇ ಹೋಗುತ್ತದೆ.

ಈಗ ಶ್ರೀನಿವಾಸಪುರದ ಮಾವಿನ ತೋಪಿನೊಳಗೆ ಸಿಗ್ನಲ್ ಸರಿಯಾಗಿ ಸಿಗದ ಒಂದು ಫೋನನ್ನು ನೆನೆಸಿಕೊಳ್ಳಿ. ಗುಂಪಿನಲ್ಲಿ ಮೆಸೇಜ್ ಸುರಿಯುತ್ತಿದೆ, ಆ ಫೋನು ಎಳೆದುಕೊಳ್ಳುತ್ತಿಲ್ಲ. ಅದರ ಸಾಲು ಬೆಳೆಯುತ್ತಲೇ ಹೋಗುತ್ತದೆ. ಮಿತಿ ಇಡದಿದ್ದರೆ ಇಂಥ ಕೆಲವು ಫೋನುಗಳೇ ಸರ್ವರಿನ ಮೆಮೊರಿ ತಿಂದು ಮುಗಿಸುತ್ತವೆ. ಎಷ್ಟು ಮಿತಿ, ದಾಟಿದರೆ ಏನು ಬಿಡಬೇಕು? ಇದನ್ನು ಕೋಡ್ ಹೇಳುವುದಿಲ್ಲ, ಬಳಸುವವರನ್ನೇ ಕೇಳಬೇಕು. ಮಂಡಿಯವರೊಬ್ಬರು ಹೇಳಿದರು: “ಹಳೇ ರೇಟು ಕಟ್ಕೊಂಡು ನಮಗೇನಣ್ಣಾ? ಈಗೆಷ್ಟು ಅಂತ ಹೇಳಿದ್ರೆ ಸಾಕು.”

ಹಾಗಾಗಿ ರೇಟಿನ ಮೆಸೇಜು ಮತ್ತು ಮಾತುಕತೆ ಎರಡನ್ನೂ ಬೇರೆ ಮಾಡಿದೆ. ಸಾಲಿನಲ್ಲಿ ಹಳೆ ರೇಟು ಕಾಯುತ್ತಿದ್ದರೆ ಹೊಸದು ಅದರ ಜಾಗಕ್ಕೆ ಬರುತ್ತದೆ. ಆದರೆ ಒಂದು ಬೈಟಾದರೂ ಹೊರಟಿರುವ ಮೆಸೇಜನ್ನು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಆಮೇಲಿನ ಎಲ್ಲ ಉದ್ದದ ಲೆಕ್ಕವೂ ತಪ್ಪುತ್ತದೆ. ಮಾತುಕತೆಯನ್ನು ಮಾತ್ರ ಎಂದೂ ಬಿಸಾಡುವುದಿಲ್ಲ. ಸಾಲು 256 ಕೆಬಿ ದಾಟಿದರೆ ಕನೆಕ್ಷನ್ ಕತ್ತರಿಸುತ್ತೇನೆ. ಫೋನು ಮತ್ತೆ ಬಂದು ತನ್ನ ಕೊನೆಯ ಮೆಸೇಜಿನ ನಂಬರ್ ಹೇಳಿದರೆ ಅಲ್ಲಿಂದ ಮುಂದಿನದನ್ನು ಡೇಟಾಬೇಸಿನಿಂದ ಕೊಡುತ್ತೇನೆ. ಸಿಗ್ನಲ್ ಇಲ್ಲದ ರೈತನಿಗೆ ಇದು ಅನ್ಯಾಯ ಅಲ್ವಾ ಅಂತ ಕೆಲವರು ಕೇಳಿದರು. ನನಗೆ ಹಾಗನಿಸಲ್ಲ. ಅವರ ಮಾತು ಕಳೆದುಹೋಗುತ್ತಿಲ್ಲ, ಉಳಿದವರ ಮಾತೂ ನಿಲ್ಲುತ್ತಿಲ್ಲ.

ಡೇಟಾಬೇಸಿಗೆ ಬರೆಯುವ ಕೆಲಸವನ್ನು ಬೇರೆ ಥ್ರೆಡ್ಡಿಗೆ ಕೊಟ್ಟಿದ್ದೇನೆ. ಲೂಪಿನೊಳಗೆ ಯಾವುದೇ ಒಂದು ಕರೆ ಕಾದು ಕೂತರೂ ಎಲ್ಲರೂ ಕಾಯಬೇಕಾಗುತ್ತದೆ. ಡಿಎನ್‌ಎಸ್ ಹುಡುಕಾಟವೂ (ಹೆಸರಿನಿಂದ ಯಂತ್ರದ ವಿಳಾಸ ಪಡೆಯೋದು) ಇಂಥದ್ದೇ.

ಪರೀಕ್ಷೆಗೆ ಒಂದು ಸುಲಭದ ದಾರಿ ಇದೆ. ಒಂದು ಕ್ಲೈಂಟ್ ಪ್ರೋಗ್ರಾಮಿಗೆ ‘ಸಿಗ್‌ಸ್ಟಾಪ್’ ಸಿಗ್ನಲ್ ಕೊಟ್ಟು ನಿಲ್ಲಿಸಿ, ಗುಂಪಿಗೆ ಮೆಸೇಜ್ ಸುರಿಸಿ. ಮೊದಲು ಅದರ ಕಡೆಯ ಕರ್ನಲ್ ಬಫರ್ (ಡೇಟಾ ಸ್ವಲ್ಪ ಹೊತ್ತು ಕಾಯುವ ಜಾಗ) ತುಂಬುತ್ತದೆ, ಆಮೇಲೆ ಸರ್ವರಿನ ಬಫರ್, ಆಮೇಲೆ ನಿಮ್ಮ ಸಾಲು. ನಿಂತ ಪ್ರೋಗ್ರಾಮಿನ ಪರವಾಗಿ ಕರ್ನಲ್ಲೇ ಟಿಸಿಪಿ ಕೀಪ್‌ಅಲೈವ್‌ಗೆ (‘ಇದ್ದೀಯಾ’ ಅನ್ನುವ ವಿಚಾರಣೆಗೆ) ಉತ್ತರ ಕೊಡುತ್ತಿರುತ್ತದೆ. ಅದನ್ನು ನಂಬಬೇಡಿ, ಚಾಟ್‌ನೊಳಗೇ ನಿಮ್ಮದೇ ಪಿಂಗ್ ಇಡಿ. ಅಷ್ಟು ಹೊತ್ತೂ ಉಳಿದ ಕ್ಲೈಂಟ್‌ಗಳಿಗೆ ಮೆಸೇಜ್ ತಡವಿಲ್ಲದೆ ಹೋಗುತ್ತಿದೆಯಾ ಅನ್ನೋದನ್ನು ನೋಡಿ. ಕೋಡ್ ಬದಲಿಸಿದಾಗಲೆಲ್ಲ ನಾನು ಮೊದಲು ನಡೆಸುವ ಪರೀಕ್ಷೆ ಇದು.