ಆಸ್ಪತ್ರೆಯ ಫಲಕ ಬದಲಾದಾಗ ಮೈಸೂರಿನ ರೋಗಿ ಕೇಳಿ ತಿಳಿಯಬೇಕಾದದ್ದು

ಮೈಸೂರಿನ ಕೊಲಂಬಿಯಾ ಏಷ್ಯಾ ಆಸ್ಪತ್ರೆ 2021ರಲ್ಲಿ ಮಣಿಪಾಲ್ ಸಮೂಹಕ್ಕೆ ಸೇರಿತು. ಹೆಸರು ಹೊಸದಾದರೂ ಕಟ್ಟಡ ಅದೇ. ಅಲ್ಲಿ ದರ ಏರಿತೆಂದೋ ಇಳಿಯಿತೆಂದೋ ನಾನು ಹೇಳುತ್ತಿಲ್ಲ. ಆದರೆ ಹಲವು ಆಸ್ಪತ್ರೆಗಳು ಒಂದೇ ಒಡೆತನಕ್ಕೆ ಬಂದಾಗ, ಅವನ್ನೆಲ್ಲ ಬಿಟ್ಟು ವ್ಯವಹರಿಸುವುದು ವಿಮಾ ಕಂಪನಿಗೆ ಕಷ್ಟವಾಗುವುದರಿಂದ, ದರ ಕುದುರಿಸುವ ಬಲ ಆಸ್ಪತ್ರೆಯ ಕಡೆಗೆ ವಾಲುತ್ತದೆ. ಅಮೆರಿಕದಲ್ಲಿ ಇಂಥ ವಿಲೀನಗಳ ಬಳಿಕ ದರ ಏರಿದ್ದನ್ನು ಅನೇಕ ಅಧ್ಯಯನಗಳು ತೋರಿಸಿವೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸಾವಿನ ಪ್ರಮಾಣ ಗಮನಾರ್ಹವಾಗಿ ತಗ್ಗಲಿಲ್ಲ, ರೋಗಿಗಳ ಅನುಭವ ತುಸು ಕೆಟ್ಟಿತು.

ಮುಂಚಿತವಾಗಿ ನಿಗದಿಯಾದ ಶಸ್ತ್ರಚಿಕಿತ್ಸೆಯಾದರೆ ಅಂದಾಜು ವೆಚ್ಚವನ್ನು ಲಿಖಿತವಾಗಿ ಪಡೆಯಿರಿ. ಒಟ್ಟು ಮೊತ್ತವೊಂದೇ ಸಾಲದು. ಕೊಠಡಿ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಅಳವಡಿಸುವ ಸಾಧನ, ಔಷಧ ಇವು ಬೇರೆ ಬೇರೆಯಾಗಿರಲಿ, 'ಪ್ಯಾಕೇಜ್' ಎಂದರೆ ಅದರಲ್ಲಿ ಸೇರದಿರುವುದು ಯಾವುದೆಂದೂ ಬರೆಸಿಕೊಳ್ಳಿ. ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ಕೊಠಡಿಯ ದರ್ಜೆ ಏರಿದಂತೆ ವೈದ್ಯರ ಶುಲ್ಕವೂ ಏರುತ್ತದೆ. ಪಾಲಿಸಿಯ ಮಿತಿಗಿಂತ ದುಬಾರಿ ಕೊಠಡಿ ಹಿಡಿದರೆ, ವಿಮಾ ಕಂಪನಿ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಅಲ್ಲ, ಇತರ ಕೆಲವು ಶುಲ್ಕಗಳನ್ನೂ ಅದೇ ಅನುಪಾತದಲ್ಲಿ ಕಡಿತಗೊಳಿಸಬಹುದು. ಬಿಲ್ ಕೈಗೆ ಬಂದಾಗ ಮನೆಯವರು ಬೆಚ್ಚಿಬೀಳುವುದು ಹೆಚ್ಚಾಗಿ ಇಲ್ಲಿಯೇ. ಒಡೆತನ ಬದಲಾದ ಮೇಲೂ ನಿಮ್ಮ ವಿಮಾ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ನಗದುರಹಿತ ಸೌಲಭ್ಯ ಮುಂದುವರಿದಿದೆಯೇ ಎಂಬುದನ್ನು ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಕೇಳಿ, ಕಂಪನಿಯಲ್ಲಿಯೂ ವಿಚಾರಿಸಿ.

ಹೃದಯದ ಸ್ಟೆಂಟ್ ಮತ್ತು ಮೊಣಕಾಲಿನ ಕೃತಕ ಕೀಲಿಗೆ 2017ರಿಂದ ಕೇಂದ್ರದ ಗರಿಷ್ಠ ಬೆಲೆ ಅನ್ವಯಿಸುತ್ತದೆ. ಆದ್ದರಿಂದ ಸಾಧನದ ಬ್ರಾಂಡ್ ಮತ್ತು ಬೆಲೆ ಬಿಲ್ಲಿನಲ್ಲಿ ಪ್ರತ್ಯೇಕವಾಗಿರಲಿ.

ಗುಣಮಟ್ಟವನ್ನು ಫಲಕದಿಂದ ಅಳೆಯಬೇಡಿ. ಹಿಂದಿನ ಶಸ್ತ್ರಚಿಕಿತ್ಸಕರು ಇನ್ನೂ ಇದ್ದಾರೆಯೇ, ವರ್ಷಕ್ಕೆ ಇಂಥ ಎಷ್ಟು ಚಿಕಿತ್ಸೆ ಮಾಡುತ್ತಾರೆ, ಐಸಿಯುನಲ್ಲಿ ರಾತ್ರಿ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡುತ್ತಾರೆ ಎಂದು ಕೇಳಿ. ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್‌ನ ಮಾನ್ಯತೆಯಿದ್ದರೆ ಅದರ ಅವಧಿಯನ್ನೂ ನೋಡಿ. ಹೃದ್ರೋಗವಾದರೆ ಸರ್ಕಾರಿ ಹೃದ್ರೋಗ ಸಂಸ್ಥೆ ಜಯದೇವದಲ್ಲಿ, ಉಳಿದವುಗಳಿಗೆ ಸರ್ಕಾರಿ ಕೆ.ಆರ್. ಆಸ್ಪತ್ರೆಯಲ್ಲಿ ವಿಚಾರಿಸಿದರೆ ಹೋಲಿಕೆಗೆ ಒಂದು ಅಳತೆಗೋಲು ಸಿಗುತ್ತದೆ.

ತುರ್ತು ಸ್ಥಿತಿಯಲ್ಲಿ ಇಷ್ಟು ಕೇಳುವ ವ್ಯವಧಾನವಿರುವುದಿಲ್ಲ. ಆಗ ಮುಂಗಡ ಹಣಕ್ಕಾಗಿ ತುರ್ತು ಚಿಕಿತ್ಸೆಯನ್ನು ತಡೆಯುವಂತಿಲ್ಲವೆಂಬ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನೆನಪಿರಲಿ. ಬಿಲ್ಲಿನ ಬಾಕಿಗಾಗಿ ಮೃತದೇಹವನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ದರದ ತಕರಾರಿದ್ದರೆ ಅಂದಾಜು ಪತ್ರ ಮತ್ತು ವಿವರವಾದ ಬಿಲ್ಲಿನ ಪ್ರತಿಗಳೊಂದಿಗೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ದೂರು ಸಲ್ಲಿಸಿ, ಸ್ವೀಕೃತಿ ಪಡೆಯಿರಿ.