ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಆಯಿಲ್ ಕೂಲರ್ ಅಳವಡಿಸುವುದು ಹೇಗೆ?

ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಆಯಿಲ್ ಕೂಲರ್ ಸಾಮಾನ್ಯವಾಗಿ ಮುಂಭಾಗದ ಗ್ರಿಲ್‌ನ ಹಿಂದೆ, ರೇಡಿಯೇಟರ್‌ಗಿಂತಲೂ ಮುಂದೆ ಇರುತ್ತದೆ. ರಸ್ತೆಯಿಂದ ಸಿಡಿಯುವ ಕಲ್ಲು, ಕೆಸರು, ಹಾರಿ ಬಂದು ಬಡಿಯುವ ಹುಳು, ಎಲ್ಲಕ್ಕೂ ಮೊದಲು ಮೈಯೊಡ್ಡುವುದು ಅದೇ. ಆದ್ದರಿಂದ ಮೂವತ್ತು ನಲವತ್ತು ವರ್ಷ ಓಡಿದ ಕಾರಿನಲ್ಲಿ ಶಾಖ ಹೊರಬಿಡುವ ಅದರ ತೆಳು ತಗಡಿನ ರೆಕ್ಕೆಗಳು ಮುರುಟಿ, ಮೂಲೆಗಳಲ್ಲಿ ಆಯಿಲ್ ಜಿನುಗತೊಡಗಿದರೆ ಆಶ್ಚರ್ಯವಿಲ್ಲ. ಅದನ್ನು ಬದಲಾಯಿಸುವುದು ಹೊರನೋಟಕ್ಕೆ ನಾಲ್ಕು ಬೋಲ್ಟು, ಎರಡು ಹೋಸ್ ಪೈಪುಗಳ ಕೆಲಸ. ಆದರೆ ಕೂಲರ್ ಎಂಬುದು ಎಂಜಿನ್ನಿನ ಬೇರಿಂಗ್‌ಗಳಿಗೆ ಆಯಿಲ್ ಒಯ್ಯುವ ಹಾದಿಯದೇ ಒಂದು ತುಂಡು. ಆ ಹಾದಿಯೊಳಗೆ ಕಸ ಸೇರಿದರೆ, ಗಾಳಿ ಉಳಿದರೆ, ಅಥವಾ ಒಂದು ಜೋಡಣೆ ಬಿಟ್ಟುಕೊಂಡರೆ ಹಾಳಾಗುವುದು ಕೂಲರ್ ಅಲ್ಲ, ಎಂಜಿನ್. ಈ ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಪ್ರತಿ ಹಂತದಲ್ಲಿ ಎಲ್ಲಿ ನಿಧಾನಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಕೂಲರ್ ಏಕೆ ಬೇಕು ಎಂಬುದನ್ನು ಚುಟುಕಾಗಿ ಹೇಳಬಹುದು. ಬಿಸಿಯಾದ ಎಂಜಿನ್ನಿನಲ್ಲಿ ಆಯಿಲ್ 90ರಿಂದ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವುದು ಒಳ್ಳೆಯದು. 130 ಡಿಗ್ರಿಯನ್ನು ದಾಟಿ ಬಹಳ ಹೊತ್ತು ಓಡಿದರೆ ಅದು ತೆಳ್ಳಗಾಗಿ ಬೇರಿಂಗ್‌ಗಳ ನಡುವಿನ ಪದರ ದುರ್ಬಲವಾಗುತ್ತದೆ, ಆಯಿಲ್ ಕೂಡ ಬೇಗ ಕೆಡುತ್ತದೆ. ಎಂಜಿನ್ನಿಗೆ ನೀರಿನ ತಂಪೇ ಇಲ್ಲದ ಹಳೆಯ ಪೋರ್ಷೆ 911ರಲ್ಲಿ ಶಾಖವನ್ನು ಹೊರಹಾಕುವ ಹೊಣೆಯ ದೊಡ್ಡ ಪಾಲು ಆಯಿಲ್‌ನದೇ. ಮಜ್ದಾ ಆರ್‌ಎಕ್ಸ್-7ರ ರೋಟರಿ ಎಂಜಿನ್ನಿನಲ್ಲಿ ಪಿಸ್ಟನ್‌ಗಳ ಬದಲು ತಿರುಗುವ ರೋಟರ್‌ಗಳನ್ನು ಒಳಗಿನಿಂದ ತಂಪಾಗಿಸುವುದೂ ಆಯಿಲ್ಲೇ. ಇಂಥ ಕಾರುಗಳಲ್ಲಿ ಕೆಟ್ಟ ಕೂಲರ್ ಇಟ್ಟುಕೊಂಡು ಓಡಾಡುವುದಾಗಲಿ, ಸೋರುತ್ತಿದೆಯೆಂದು ಅದನ್ನು ಕಳಚಿ ಎರಡು ಪೈಪುಗಳನ್ನು ಒಂದಕ್ಕೊಂದು ಸೇರಿಸಿಬಿಡುವುದಾಗಲಿ ಸರಿಯಲ್ಲ.

ಬದಲಾಯಿಸಲೇಬೇಕಾದ ಇನ್ನೊಂದು ಸಂದರ್ಭವಿದೆ, ಅದನ್ನು ಬಹಳ ಜನ ಕಡೆಗಣಿಸುತ್ತಾರೆ. ಬೇರಿಂಗ್ ಸವೆದು ಎಂಜಿನ್ ಬಿಚ್ಚಿ ಕಟ್ಟಿದ್ದರೆ, ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಹಳೆಯ ಕೂಲರನ್ನು ಮತ್ತೆ ಹಾಕಬಾರದು. ಅದರೊಳಗಿನ ಚಪ್ಪಟೆ ಕೊಳವೆಗಳು ಬಹಳ ಕಿರಿದು. ಆಯಿಲ್ ಚೆನ್ನಾಗಿ ಕದಡಲೆಂದು ಅವುಗಳೊಳಗೆ ಮಡಿಚಿದ ತಗಡಿನ ಪಟ್ಟಿಗಳನ್ನೂ ಇಟ್ಟಿರುತ್ತಾರೆ. ಬೇರಿಂಗ್‌ನಿಂದ ಕಳಚಿ ಬಂದ ಲೋಹದ ಪುಡಿ ಆ ಮಡಿಕೆಗಳಲ್ಲಿ ಸಿಕ್ಕಿಕೊಂಡರೆ ಸೀಮೆಎಣ್ಣೆ ಹಾಕಿ ಎಷ್ಟು ಸಲ ಕುಲುಕಿದರೂ ಪೂರ್ತಿ ಹೊರಬಂದಿದೆಯೆಂದು ಹೇಳಲಾಗದು. ಕೂಲರ್ ಆದ ಮೇಲೆ ಫಿಲ್ಟರ್ ಇದೆಯಲ್ಲ ಎಂಬ ಧೈರ್ಯವೂ ಸಾಲದು. ಎಷ್ಟೋ ಎಂಜಿನ್ನುಗಳಲ್ಲಿ ತಣ್ಣಗಿನ ಗಟ್ಟಿ ಆಯಿಲ್ ಫಿಲ್ಟರನ್ನು ದಾಟಲಾರದೆ ಒತ್ತಡ ಏರಿದಾಗ ಫಿಲ್ಟರ್‌ನ ಬೈಪಾಸ್ ಕವಾಟ ತೆರೆದುಕೊಂಡು, ಸೋಸದ ಆಯಿಲ್ ನೇರವಾಗಿ ಬೇರಿಂಗ್‌ಗಳಿಗೆ ಹೋಗುತ್ತದೆ. ಹೊಸ ಕೂಲರ್‌ನ ಬೆಲೆ ಎಂಜಿನ್ ಕಟ್ಟುವ ಖರ್ಚಿನ ಮುಂದೆ ಏನೂ ಅಲ್ಲ.

ಹೊಸದನ್ನು ಕೊಳ್ಳುವಾಗ ಮೂಲ ಕೂಲರ್‌ನಲ್ಲಿ ಆಯಿಲ್ ಹರಿಯುವ ಕೊಳವೆಗಳ ಎಷ್ಟು ಸಾಲುಗಳಿದ್ದವೋ ಅಷ್ಟೇ ಸಾಲಿನದನ್ನು ಆರಿಸುವುದು ಮೇಲು. 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ 13 ಸಾಲಿನ ಕೂಲರ್ ರೂಢಿಯಲ್ಲಿದೆ. ಸಾಧಾರಣ ಬಳಕೆಯ ಕಾರಿಗೆ ಅದು ಧಾರಾಳ. ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಆಯಿಲ್ ಬೇಕಾದಷ್ಟು ಬಿಸಿಯೇರದಿದ್ದರೆ ಅದರಲ್ಲಿ ಸೇರಿದ ನೀರಿನ ಅಂಶ ಮತ್ತು ಪೆಟ್ರೋಲ್ ಆವಿಯಾಗಿ ಹೋಗುವುದಿಲ್ಲ. ಒಳಗೇ ಉಳಿದು ಜಿಗುಟುಗಸಿಯಾಗುತ್ತವೆ. ಕಾರಿನಲ್ಲಿ ಮೊದಲಿನಿಂದಲೂ ಥರ್ಮೋಸ್ಟಾಟ್ (ಆಯಿಲ್ ಬಿಸಿಯಾದ ಮೇಲಷ್ಟೇ ಕೂಲರ್‌ಗೆ ಪೂರ್ಣ ಹರಿವು ಬಿಡುವ ಕವಾಟ) ಇಲ್ಲದೆ, ಓಡಾಟ ಹೆಚ್ಚಾಗಿ ಚಿಕ್ಕ ದೂರದ್ದೇ ಆಗಿದ್ದರೆ, ಸುಮಾರು 80 ಡಿಗ್ರಿಯಲ್ಲಿ ತೆರೆದುಕೊಳ್ಳುವ ಆಯಿಲ್ ಥರ್ಮೋಸ್ಟಾಟನ್ನೂ ಜೊತೆಗೇ ಹಾಕಿಕೊಳ್ಳುವುದು ಜಾಣತನ.

ಇನ್ನು ಅತ್ಯಂತ ಎಚ್ಚರದಿಂದ ನೋಡಬೇಕಾದ ಸಂಗತಿ ಥ್ರೆಡ್, ಅಂದರೆ ಜೋಡಣೆಗಳ ತಿರುಪಿನ ಸುತ್ತು. ಹಳೆಯ ಬ್ರಿಟಿಷ್ ಕಾರುಗಳ ಕೂಲರ್‌ಗಳಲ್ಲಿ ಬಿಎಸ್‌ಪಿ ಎಂಬ ಪೈಪಿನ ಥ್ರೆಡ್ ಇರುತ್ತದೆ. ರೇಸಿಂಗ್ ಬಳಕೆಗಾಗಿ ಮಾರಾಟವಾಗುವ ಕೂಲರ್, ಹೋಸ್‌ಗಳಲ್ಲಿ ಎಎನ್ ಎಂಬ ಅಮೆರಿಕದ ಅಳತೆ ಸಾಮಾನ್ಯ. 5/8 ಬಿಎಸ್‌ಪಿ ಮತ್ತು ಎಎನ್-10 ಎರಡರಲ್ಲೂ ಅಂಗುಲಕ್ಕೆ 14 ಸುತ್ತುಗಳೇ ಇವೆ. ಮೊದಲನೆಯದರ ಹೊರವ್ಯಾಸ ಸುಮಾರು 22.9 ಮಿಲಿಮೀಟರ್, ಎರಡನೆಯದರದು 22.2. ಮುಕ್ಕಾಲು ಮಿಲಿಮೀಟರ್‌ಗೂ ಕಡಿಮೆಯಾದ ಈ ಅಂತರ ಬರಿಗಣ್ಣಿಗೆ ಕಾಣುವುದಿಲ್ಲ. ಹಾಗಾಗಿ ತೆಳ್ಳಗಿನ ಎಎನ್ ಗಂಡು ಥ್ರೆಡ್ಡು ಅಗಲವಾದ ಬಿಎಸ್‌ಪಿ ಹೆಣ್ಣು ಥ್ರೆಡ್ಡಿನೊಳಗೆ ಸಲೀಸಾಗಿ ತಿರುಗಿ, ಒಂದಿಷ್ಟು ಹಿಡಿದುಕೊಂಡು, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ; ಒತ್ತಡ ಬಿದ್ದಾಗ ಕಿತ್ತುಕೊಂಡು ಬರುತ್ತದೆ. ಸಾಲದ್ದಕ್ಕೆ ಬಿಎಸ್‌ಪಿಯಲ್ಲಿ 5/8 ಎಂಬ ಹೆಸರು ಥ್ರೆಡ್ಡಿನ ಅಳತೆಯೂ ಅಲ್ಲ, ಪೈಪಿನ ಒಳರಂಧ್ರದ ಗಾತ್ರದಿಂದ ಬಂದದ್ದು. ಜೋಡಣೆಯ ಬಾಯಿಯ ಇಳಿಜಾರೂ ಬೇರೆ: ಎಎನ್‌ನಲ್ಲಿ ಪ್ರತಿ ಬದಿಗೆ 37 ಡಿಗ್ರಿ, ಬಿಎಸ್‌ಪಿ ಹೋಸ್‌ಗಳಲ್ಲಿ ಪ್ರತಿ ಬದಿಗೆ 30. ಆದ್ದರಿಂದ ಕೊಳ್ಳುವ ಮೊದಲೇ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು, ಕೂಲರ್, ಹೋಸ್ ಮತ್ತು ಎಂಜಿನ್ ಬದಿಯ ಜೋಡಣೆ ಮೂರೂ ಒಂದೇ ಜಾತಿಯವೆಂದು ಖಚಿತಪಡಿಸಿಕೊಳ್ಳಬೇಕು. ಬೇರೆಯಾಗಿದ್ದರೆ ಅದಕ್ಕೆಂದೇ ಮಾಡಿದ ಅಡಾಪ್ಟರ್ ಸಿಗುತ್ತದೆ. ಟೆಫ್ಲಾನ್ ಟೇಪ್ ಸುತ್ತಿ ಸರಿಮಾಡುವ ಯೋಚನೆ ಬೇಡವೇ ಬೇಡ. ಇಲ್ಲಿ ಆಯಿಲ್ ಹಿಡಿದು ನಿಲ್ಲಿಸುವುದು ಬಾಯಿಯ ಇಳಿಜಾರು ಅಥವಾ ವಾಷರ್, ಥ್ರೆಡ್ ಅಲ್ಲ. ಟೇಪಿನ ಚೂರು ಒಳಗೆ ಹೋದರೆ ಅದೂ ಬೇರಿಂಗ್‌ನತ್ತಲೇ ಸಾಗುತ್ತದೆ.

ಹೋಸ್‌ಗಳನ್ನೂ ಕೂಲರ್ ಜೊತೆಗೇ ಬದಲಾಯಿಸಿ ಎಂಬುದು ನನ್ನ ಖಚಿತ ಸಲಹೆ. ಹಳೆಯ ರಬ್ಬರ್ ಹೊರಗೆ ಗಟ್ಟಿಯಾಗಿ ಕಂಡರೂ ಒಳಪದರ ಕಳಚಿಕೊಂಡು ಹರಿವಿಗೆ ಅಡ್ಡ ನಿಲ್ಲುವುದುಂಟು.

ಈಗ ಕೆಲಸಕ್ಕೆ ಇಳಿಯೋಣ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂಭಾಗವನ್ನು ಎತ್ತಿ ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು. ಬರೀ ಜಾಕ್‌ನ ಮೇಲೆ ನಿಂತ ಕಾರಿನ ಕೆಳಗೆ ಎಂದೂ ನುಗ್ಗಬಾರದು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಿ. ಆಯಿಲ್ ಬೆಚ್ಚಗಿರುವಾಗ, ಸುಡುವಂತಿರದಾಗ, ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪ್‌ನಿಂದ ಇಳಿಸಿ. ಕೂಲರ್ ಬದಲಿಸಲು ಸಂಪ್ ಖಾಲಿ ಮಾಡಲೇಬೇಕೆಂದಿಲ್ಲ, ಆದರೆ ಹೊಸ ಕೂಲರ್‌ಗೆ ಹಳೆಯ ಆಯಿಲ್ ಹರಿಸುವುದರಲ್ಲಿ ಅರ್ಥವಿಲ್ಲ. ಫಿಲ್ಟರನ್ನೂ ಹೊಸದು ಹಾಕಿ.

ಗ್ರಿಲ್ ಬಿಚ್ಚಿದ ಮೇಲೆ ಹೋಸ್‌ಗಳು ಎಲ್ಲಿಂದ ಹೇಗೆ ಸಾಗಿವೆಯೆಂದು ನಾಲ್ಕಾರು ಫೋಟೋ ತೆಗೆದಿಟ್ಟುಕೊಳ್ಳಿ. ಉಕ್ಕಿನ ನಟ್ಟು ಮತ್ತು ಅಲ್ಯೂಮಿನಿಯಂ ಬಾಯಿ ವರ್ಷಗಟ್ಟಲೆ ಜೊತೆಯಿದ್ದರೆ ಕಿಲುಬು ಹಿಡಿದು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಮರುದಿನ ಎರಡು ಸ್ಪ್ಯಾನರ್ ಹಿಡಿದು ಬಿಚ್ಚಬೇಕು: ಒಂದು ಕೂಲರ್‌ನ ಬಾಯಿಯನ್ನು ಅಲುಗದಂತೆ ಹಿಡಿಯಲು, ಇನ್ನೊಂದು ನಟ್ಟು ತಿರುಗಿಸಲು. ಹಳೆಯ ಕೂಲರ್ ಎಸೆಯುವುದೇ ಆದರೂ ಇದನ್ನು ರೂಢಿಸಿಕೊಳ್ಳಿ. ಹೊಸದಕ್ಕೆ ಬಿಗಿ ಮಾಡುವಾಗ ಒಂದೇ ಸ್ಪ್ಯಾನರ್ ಹಿಡಿದು ಜಗ್ಗಿದರೆ ತೆಳು ಬಾಯಿ ತಿರುಚಿಕೊಂಡು ಬೆಸುಗೆಯ ಬುಡದಲ್ಲೇ ಬಿರುಕು ಬಿಡುತ್ತದೆ. ಬಿಚ್ಚಿದ ಹೋಸ್‌ಗಳ ತುದಿಯನ್ನೂ ಎಂಜಿನ್ ಬದಿಯ ರಂಧ್ರಗಳನ್ನೂ ತಕ್ಷಣ ಮುಚ್ಚಿ. ಬಟ್ಟೆ ತುರುಕಬೇಡಿ, ಅದರ ಎಳೆಗಳು ಒಳಗುಳಿಯುತ್ತವೆ. ಪ್ಲಾಸ್ಟಿಕ್ ಮುಚ್ಚಳ ಸೂಕ್ತ.

ಹೊಸ ಕೂಲರನ್ನು ಚೌಕಟ್ಟಿಗೆ ಕೂರಿಸುವಾಗ ನಡುವೆ ರಬ್ಬರ್ ಬುಷ್‌ಗಳಿರಲಿ. ಹಳೆಯ ಸ್ಪೋರ್ಟ್ಸ್ ಕಾರಿನ ಮೈ ಓಟದಲ್ಲಿ ಸ್ವಲ್ಪ ತಿರುಚಿಕೊಳ್ಳುತ್ತದೆ, ಎಂಜಿನ್ ನಡುಗುತ್ತದೆ. ಕೂಲರನ್ನು ಲೋಹಕ್ಕೆ ಲೋಹ ಒತ್ತಿ ಬಿಗಿದರೆ ಆ ಎಲ್ಲ ಒತ್ತಡ ತೆಳುವಾದ ಅಲ್ಯೂಮಿನಿಯಂ ಮೇಲೆ ಬೀಳುತ್ತದೆ. ಬಾಯಿಗಳು ಮೇಲ್ಮುಖವಾಗಿರುವುದು ಉತ್ತಮ. ಪಕ್ಕಕ್ಕೆ ಇಡಬೇಕಾದರೆ ಆಯಿಲ್ ಕೆಳಗಿನ ಬಾಯಿಂದ ಒಳಬಂದು ಮೇಲಿನದರಿಂದ ಹೊರಹೋಗುವಂತಿರಬೇಕು. ಆಗ ಗಾಳಿ ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಕೂಡಿಸುವ ಮೊದಲು ಕೂಲರ್‌ಗೂ ಹೋಸ್‌ಗಳಿಗೂ ತಾಜಾ ಆಯಿಲ್ ಆದಷ್ಟು ತುಂಬಿಸಿಕೊಳ್ಳಿ. ನಟ್ಟುಗಳನ್ನು ಮೊದಲು ಬೆರಳಿನಿಂದಲೇ ಹಲವು ಸುತ್ತು ತಿರುಗಿಸಬೇಕು. ಬೆರಳಿಗೆ ತಿರುಗದ ನಟ್ಟು ಓರೆಯಾಗಿ ಹತ್ತುತ್ತಿದೆ ಎಂದೇ ಅರ್ಥ.

ಹೋಸ್‌ಗಳ ದಾರಿಯ ಬಗ್ಗೆ ಒಂದು ಮಾತು. ತಗಡಿನ ರಂಧ್ರ ದಾಟುವಲ್ಲೆಲ್ಲ ಗ್ರಾಮೆಟ್ ಎಂಬ ರಬ್ಬರ್ ಬಳೆ ಇರಲೇಬೇಕು, ಇಲ್ಲದಿದ್ದರೆ ಅಂಚು ಹೋಸನ್ನು ಮೆಲ್ಲನೆ ಕೊಯ್ಯುತ್ತದೆ. ಎಕ್ಸಾಸ್ಟ್ ಪೈಪಿನಿಂದ ದೂರವಿಡಿ, ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ಚಿಮ್ಮಿದರೆ ಬೆಂಕಿ ಹತ್ತಬಹುದು. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಯಾವುದೂ ತಾಗುವುದಿಲ್ಲವೆಂದು ನೋಡಿ. ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಓಲಾಡುವುದರಿಂದ ಹೋಸ್‌ನಲ್ಲಿ ಸ್ವಲ್ಪ ಸಡಿಲ ಉಳಿಸಬೇಕು.

ಇಷ್ಟಾದ ಮೇಲೆ ಆಯಿಲ್ ತುಂಬಿ ಕೀಲಿ ತಿರುಗಿಸಿಬಿಡುವ ಆತುರ ಸಹಜ. ಆಯಿಲ್ ತುಂಬಿ, ಆದರೆ ಕೀಲಿ ತಿರುಗಿಸುವ ಮುನ್ನ ತಡೆಯಬೇಕು. ಖಾಲಿ ಫಿಲ್ಟರ್, ಅರೆಬರೆ ತುಂಬಿದ ಹೋಸ್‌ಗಳು ಭರ್ತಿಯಾಗುವವರೆಗೆ ಬೇರಿಂಗ್‌ಗಳಿಗೆ ಒತ್ತಡದಲ್ಲಿ ಆಯಿಲ್ ಸಿಗುವುದಿಲ್ಲ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಇಗ್ನಿಷನ್ ಕಾಯಿಲ್‌ಗೆ ಬರುವ ವಿದ್ಯುತ್ತನ್ನೂ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಇದ್ದರೆ ಅದನ್ನೂ ನಿಲ್ಲಿಸಿ, ಬ್ಯಾಟರಿಯ ತಂತಿ ಮತ್ತೆ ಕೂಡಿಸಿ, ಸ್ಟಾರ್ಟರ್ ಮೋಟರ್‌ನಿಂದಷ್ಟೇ ಎಂಜಿನ್ ತಿರುಗಿಸಿ. ಒಂದು ಬಾರಿಗೆ ಹತ್ತು ಸೆಕೆಂಡು ಸಾಕು, ನಡುವೆ ಮೋಟರ್ ತಣಿಯಲು ಬಿಡಿ. ಆಯಿಲ್ ಒತ್ತಡದ ಮುಳ್ಳು ಏಳುವವರೆಗೆ ಹೀಗೆ ಮಾಡಬೇಕು. ಪ್ಲಗ್ ಇಲ್ಲದ ಎಂಜಿನ್ನಿನಲ್ಲಿ ಬೇರಿಂಗ್ ಮೇಲೆ ಹೊರೆ ಬೀಳುವುದಿಲ್ಲವಾದ್ದರಿಂದ ಇದು ಹಾನಿಯಿಲ್ಲದ ದಾರಿ.

ನಂತರ ಪ್ಲಗ್ ಹಾಕಿ ಎಂಜಿನ್ ಚಾಲೂ ಮಾಡಿ, ಇಬ್ಬರಿದ್ದರೆ ಒಬ್ಬರು ಕೀಲಿಯ ಬಳಿಯೇ ಇರಲಿ. ತಣ್ಣಗಿನ ಆಯಿಲ್‌ನ ಒತ್ತಡ ಎಷ್ಟೋ ಎಂಜಿನ್ನುಗಳಲ್ಲಿ 5 ಬಾರ್ ಮುಟ್ಟುತ್ತದೆ. ತಪ್ಪು ಜೋಡಣೆ ಇದ್ದರೆ ಸೋರುವುದು ಈಗಲೇ, ನೋಡನೋಡುತ್ತಿದ್ದಂತೆ ಸಂಪ್ ಖಾಲಿಯಾಗುವಷ್ಟು ರಭಸದಲ್ಲಿ. ಜೋಡಣೆಗಳ ಕೆಳಗೆ ಒಣ ರಟ್ಟು ಹಾಸಿದರೆ ಒಂದು ಹನಿಯೂ ಗೊತ್ತಾಗುತ್ತದೆ. ಥರ್ಮೋಸ್ಟಾಟ್ ಇರುವ ಕಾರಿನಲ್ಲಿ ಎಂಜಿನ್ ಬಿಸಿಯಾಗುವವರೆಗೆ ಕಾಯಲೇಬೇಕು, ಏಕೆಂದರೆ ಅದು ತೆರೆಯುವ ಮುನ್ನ ಕೂಲರ್‌ಗೆ ಪೂರ್ಣ ಹರಿವು ಬರುವುದಿಲ್ಲ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ನೋಡಿ. ಕೂಲರ್ ಕುಡಿದಷ್ಟು ಆಯಿಲನ್ನು ಮತ್ತೆ ಸುರಿಯಬೇಕಾಗುತ್ತದೆ. ಗಾಳಿಯಿಂದ ತಂಪಾಗುವ 911ರ ಲೆಕ್ಕ ಬೇರೆ. ಅದರ ಆಯಿಲ್ ಪ್ರತ್ಯೇಕ ಟ್ಯಾಂಕಿನಲ್ಲಿರುವುದರಿಂದ ಎಂಜಿನ್ ಪೂರ್ತಿ ಬಿಸಿಯಾಗಿ, ಸಮತಟ್ಟು ನೆಲದಲ್ಲಿ ಐಡಲ್‌ನಲ್ಲಿ ಓಡುತ್ತಿರುವಾಗಲೇ ಮಟ್ಟ ನೋಡಬೇಕು. ನಿಂತ ಎಂಜಿನ್ನಿನಲ್ಲಿ ನೋಡಿ ಸುರಿದವರು ಹೆಚ್ಚು ತುಂಬಿಬಿಡುತ್ತಾರೆ.

ಸುಮಾರು ನೂರು ಕಿಲೋಮೀಟರ್ ಓಡಿಸಿದ ಮೇಲೆ, ಎಂಜಿನ್ ತಣ್ಣಗಾದಾಗ ಗ್ರಿಲ್ ಹಿಂದೆ ಒಮ್ಮೆ ಟಾರ್ಚ್ ಹಾಕಿ ಎಲ್ಲ ಜೋಡಣೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿ, ಪಸೆ ಕಂಡರೆ ಎರಡು ಸ್ಪ್ಯಾನರ್ ಹಿಡಿದು ತುಸುವೇ ಬಿಗಿಮಾಡಿ. ಮುಂದೆ ಪ್ರತಿ ಸಲ ಆಯಿಲ್ ಬದಲಿಸುವಾಗ ರೆಕ್ಕೆಗಳ ನಡುವಿನ ಹುಳು, ಮಣ್ಣನ್ನು ಹಿಂಬದಿಯಿಂದ ಮೆಲುವಾಗಿ ನೀರು ಬಿಟ್ಟು ತೊಳೆಯಿರಿ. ರಭಸದ ಪ್ರೆಷರ್ ವಾಷರ್ ಆ ತೆಳು ರೆಕ್ಕೆಗಳನ್ನು ಮಲಗಿಸಿಬಿಡುತ್ತದೆ.