ಖಾಸಗಿ ಕ್ಲೌಡ್‌ಗೆ ಮೂರನೆಯ ರ‍್ಯಾಕ್: ಸರ್ವರಿಗಿಂತ ಮೊದಲು ವಿದ್ಯುತ್ತಿನ ಲೆಕ್ಕ

ದಾವಣಗೆರೆಯ ಒಂದು ಆಸ್ಪತ್ರೆಯೋ, ಇಂಜಿನಿಯರಿಂಗ್ ಕಾಲೇಜೋ, ಸಹಕಾರಿ ಬ್ಯಾಂಕೋ, ಸರ್ವರ್‌ಗಳನ್ನು ಒಂದರ ಮೇಲೊಂದು ಕೂರಿಸುವ ಎರಡು ರ‍್ಯಾಕ್‌ಗಳಲ್ಲಿ ತನ್ನದೇ ಖಾಸಗಿ ಕ್ಲೌಡ್ (ಸ್ವಂತ ಸರ್ವರ್‌ಗಳ ಶಕ್ತಿಯನ್ನು ಒಟ್ಟುಗೂಡಿಸಿ ಬೇಕಾದಂತೆ ಹಂಚಿಕೊಳ್ಳುವ ವ್ಯವಸ್ಥೆ) ನಡೆಸುತ್ತಿದ್ದು, ಈಗ ಜಾಗ ಸಾಲದೆ ಮೂರನೆಯದನ್ನು ಸೇರಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಇಂಥ ಕಡತಗಳು ಸರ್ವರಿನ ದರಪಟ್ಟಿಯಿಂದ ಆರಂಭವಾಗುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಅವು ವಿದ್ಯುತ್ತಿನ ಲೆಕ್ಕದಿಂದ ಆರಂಭವಾಗಬೇಕು. ರ‍್ಯಾಕ್ ತುಂಬಿತೋ ಇಲ್ಲವೋ ಎಂಬುದನ್ನು ಅದರಲ್ಲಿ ಕಾಣುವ ಖಾಲಿ ಜಾಗ ಹೇಳುವುದಿಲ್ಲ.

ಮೊದಲ ಹೆಜ್ಜೆ: ಫೀಡಿನ ಲೆಕ್ಕ

ರ‍್ಯಾಕಿನ ಎತ್ತರವನ್ನು ‘ಯು’ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಯು ಎಂದರೆ 44.45 ಮಿಲಿಮೀಟರ್. 42 ಯು ರ‍್ಯಾಕಿನಲ್ಲಿ 2 ಯು ಎತ್ತರದ 20 ಸರ್ವರ್‌ಗಳನ್ನು ಕೂರಿಸಿ, ಅವುಗಳನ್ನು ಜಾಲಕ್ಕೆ ಜೋಡಿಸುವ, ತಲಾ ಒಂದು ಯು ಎತ್ತರದ ಎರಡು ಸ್ವಿಚ್‌ಗಳಿಗೂ ಜಾಗ ಉಳಿಸಬಹುದು. ಆದರೆ 230 ವೋಲ್ಟ್, 32 ಆಂಪಿಯರಿನ ಒಂದು ಫೀಡ್ (ವಿದ್ಯುತ್ ತರುವ ಲೈನ್) ಕೊಡಬಲ್ಲದ್ದು 7.36 ಕಿಲೋವ್ಯಾಟ್. ಹಗಲಿರುಳು ಬಿಡುವಿಲ್ಲದೆ ಹರಿಯುವ ಲೋಡನ್ನು ಅದರ ಶೇ 80ಕ್ಕೆ ಮಿತಿಗೊಳಿಸಿದರೆ ಕೈಯಲ್ಲಿ ಉಳಿಯುವುದು ಸುಮಾರು 5.9 ಕಿಲೋವ್ಯಾಟ್ ಮಾತ್ರ. ಪೂರ್ಣ ದುಡಿಮೆಯಲ್ಲಿ ತಲಾ 400 ವ್ಯಾಟ್ ಎಳೆಯುವ 13 ಸರ್ವರ್‌ಗಳು ಮತ್ತು ಎರಡೂ ಸೇರಿ 400 ವ್ಯಾಟ್ ಎಳೆಯುವ ಸ್ವಿಚ್‌ಗಳಿದ್ದರೆ ಒಟ್ಟು 5.6 ಕಿಲೋವ್ಯಾಟ್ ಆಗುತ್ತದೆ. ಹದಿನಾಲ್ಕನೆಯ ಸರ್ವರ್ ಮಿತಿಯನ್ನು ದಾಟಿಸುತ್ತದೆ. ಇನ್ನೂ 14 ಯು ಖಾಲಿ ಕಾಣುತ್ತಿರುವಾಗಲೇ ರ‍್ಯಾಕ್ ನಿಜಕ್ಕೂ ತುಂಬಿರುತ್ತದೆ.

ಪ್ರತಿ ಸರ್ವರಿಗೂ ಎರಡು ಪವರ್ ಸಪ್ಲೈ ಇರುತ್ತವೆ, ಅವುಗಳನ್ನು ‘ಎ’ ಮತ್ತು ‘ಬಿ’ ಎಂಬ ಎರಡು ಪ್ರತ್ಯೇಕ ಫೀಡ್‌ಗಳಿಗೆ ಜೋಡಿಸುತ್ತಾರೆ. ಆದ್ದರಿಂದ ಶಕ್ತಿ ಇಮ್ಮಡಿಯಾಯಿತು ಎಂದು ಭಾವಿಸುವುದು ದೊಡ್ಡ ತಪ್ಪು. ಒಂದು ಫೀಡ್ ಹೋದಾಗ ಇನ್ನೊಂದು ಇಡೀ ಲೋಡನ್ನು ಹೊರಬೇಕಾಗಿರುವುದರಿಂದ ಪ್ರತಿಯೊಂದೂ ದಿನನಿತ್ಯ ಶೇ 40ರ ಆಸುಪಾಸಿನಲ್ಲಿಯೇ ಇರಬೇಕು. ನಾನು ಕಣ್ಣಾರೆ ಕಂಡ ಒಂದು ಸಂಸ್ಥೆಯಲ್ಲಿ ಎರಡೂ ಫೀಡ್‌ಗಳು ಶೇ 60ರಲ್ಲಿ ನಡೆಯುತ್ತಿದ್ದವು, ಮೀಟರ್ ನೋಡಿದವರಿಗೆಲ್ಲ ಸಮಾಧಾನವಿತ್ತು. ಒಂದು ಮಧ್ಯಾಹ್ನ ‘ಎ’ ಫೀಡಿನ ಎಂಸಿಬಿ (ಲೋಡ್ ಮೀರಿದಾಗ ತಾನಾಗಿಯೇ ವಿದ್ಯುತ್ ಕಡಿಯುವ ಸ್ವಿಚ್) ಬಿತ್ತು. ‘ಬಿ’ ಮೇಲೆ ಶೇ 120ರಷ್ಟು ಲೋಡ್ ಬಂದು, ಸ್ವಲ್ಪ ಹೊತ್ತಿನಲ್ಲಿ ಅದೂ ಬಿತ್ತು. ಇಡೀ ರ‍್ಯಾಕ್ ಕತ್ತಲಾಯಿತು.

ಕೋಣೆಯ ಆಚೆಗೂ ಲೆಕ್ಕ ಮುಂದುವರಿಯಬೇಕು. ಕಟ್ಟಡಕ್ಕೆ ಬೆಸ್ಕಾಂನಿಂದ ಮಂಜೂರಾದ ಲೋಡಿನಲ್ಲಿ ಹೊಸ ರ‍್ಯಾಕಿಗೂ ಅದನ್ನು ತಂಪಾಗಿಡುವ ಯಂತ್ರಕ್ಕೂ ಅವಕಾಶವಿದೆಯೇ ಎಂದು ನೋಡಿ, ಇಲ್ಲವಾದರೆ ಹೆಚ್ಚುವರಿ ಲೋಡಿಗೆ ಅರ್ಜಿಯನ್ನು ಸರ್ವರಿನ ಆದೇಶಕ್ಕಿಂತ ಮೊದಲೇ ಸಲ್ಲಿಸಬೇಕು. ಯುಪಿಎಸ್‌ನ ಲೋಡ್ ಎರಡರಷ್ಟಾದರೆ ಲೆಡ್-ಆಸಿಡ್ ಬ್ಯಾಟರಿ ನಿಲ್ಲುವ ಹೊತ್ತು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯಬಾರದು. ಮಳೆ ಕಡಿಮೆಯಿರುವ ಚಿತ್ರದುರ್ಗದ ಕಡೆಯ ಕಲ್ಲುನೆಲದಲ್ಲಿ ಬೇಸಿಗೆಯ ಹೊತ್ತಿಗೆ ಮಣ್ಣು ಒಣಗಿ ಅರ್ಥಿಂಗಿನ ರೋಧ ಏರುತ್ತದೆ; ಅಲ್ಲಿ ಅರ್ಥ್ ಗುಂಡಿಗೆ ನೀರು ಹಾಕಿಸುವುದು ಮತ್ತು ಏಪ್ರಿಲ್‌ನಲ್ಲಿ ರೋಧವನ್ನು ಅಳೆಸುವುದು ಈ ಕೆಲಸದ ಭಾಗವೇ.

ಶಾಖ, ದೂಳು, ಭಾರ

ಸರ್ವರ್ ಎಳೆದುಕೊಂಡ ವಿದ್ಯುತ್ತೆಲ್ಲ ಶಾಖವಾಗಿ ಹೊರಬರುತ್ತದೆ. ಒಂದು ಟನ್ ಶೀತಲೀಕರಣ 3.517 ಕಿಲೋವ್ಯಾಟಿಗೆ ಸಮವಾದ್ದರಿಂದ ನಮ್ಮ 5.6 ಕಿಲೋವ್ಯಾಟ್ ರ‍್ಯಾಕಿಗೆ ಸುಮಾರು 1.6 ಟನ್ ಬೇಕು. ತಾರಸಿಯ ಬಿಸಿಲಿನಲ್ಲಿ ನಿಂತ ಎ.ಸಿ. ಹೊರಘಟಕವು ಫಲಕದಲ್ಲಿ ಬರೆದಷ್ಟು ಶಕ್ತಿಯನ್ನು ಬೇಸಿಗೆಯ ಮಧ್ಯಾಹ್ನ ಕೊಡುವುದಿಲ್ಲ. ಆದ್ದರಿಂದ ಒಂದು ಯಂತ್ರ ಕೆಟ್ಟರೂ ಉಳಿದವು ಸಾಲುವಂತೆ ಲೆಕ್ಕ ಹಾಕಬೇಕು. ಸರ್ವರಿನ ಮುಂಭಾಗಕ್ಕೆ ಬರುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಶೀತಲೀಕರಣ ಇಂಜಿನಿಯರರ ಆಶ್ರೇ (ASHRAE) ಸಂಸ್ಥೆಯ ಶಿಫಾರಸು. ಖಾಲಿ ಉಳಿದ ಆ 14 ಯುಗಳಿಗೆ ಮುಚ್ಚುಫಲಕ ಹಾಕದಿದ್ದರೆ ಹಿಂದಿನ ಬಿಸಿಗಾಳಿ ಮುಂದಕ್ಕೆ ನುಸುಳಿ ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಜನರೇಟರ್ ಎ.ಸಿ.ಯನ್ನೂ ಹೊರಬೇಕು, ಯುಪಿಎಸ್ ಸರ್ವರ್‌ಗಳನ್ನು ಮಾತ್ರ ನಡೆಸುತ್ತಿದ್ದರೆ ಚಿಕ್ಕ ಕೋಣೆ ನಿಮಿಷಗಳಲ್ಲಿ ಕಾದುಹೋಗುತ್ತದೆ. ಮಂಡಕ್ಕಿ ಭಟ್ಟಿಯ ಹೊಗೆಯೋ ಭತ್ತದ ಗಿರಣಿಯ ದೂಳೋ ತಲುಪುವ ಜಾಗದಲ್ಲಿ ಕೋಣೆಯಿದ್ದರೆ ಫಿಲ್ಟರ್‌ಗಳನ್ನು ಇನ್ನಷ್ಟು ಬೇಗ ಬದಲಿಸಬೇಕು.

ಭಾರದ ಬಗ್ಗೆ ಒಂದು ಮಾತು. ತುಂಬಿದ ಇಂಥ ರ‍್ಯಾಕ್ 550 ಕಿಲೋ ತೂಗಬಹುದು, ಅದು ನಿಲ್ಲುವ ಜಾಗವೋ 0.6 × 1.2 ಮೀಟರ್. ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಹಳೆಯ ಮನೆಯನ್ನು ಕಚೇರಿಯಾಗಿಸಿಕೊಂಡವರು ಮೇಲ್ಮಹಡಿಯಲ್ಲಿ ರ‍್ಯಾಕ್ ನಿಲ್ಲಿಸುವ ಮುನ್ನ ಸ್ಟ್ರಕ್ಚರಲ್ ಇಂಜಿನಿಯರರನ್ನು ಕೇಳಲೇಬೇಕು.

ಜೋಡಣೆ ಮತ್ತು ಪರೀಕ್ಷೆ

ರ‍್ಯಾಕನ್ನು ಮಟ್ಟಸವಾಗಿ ನಿಲ್ಲಿಸಿ, ಬಾಗಿಲು ಸಹಿತ ಅರ್ಥಿಂಗಿಗೆ ಸೇರಿಸಿ, ಭಾರದ ಸ್ಟೋರೇಜ್ ಸರ್ವರ್‌ಗಳನ್ನು ಕೆಳಗಿನಿಂದ ತುಂಬುತ್ತ ಬರಬೇಕು. ಮೇಲೆ ಎರಡು ಸ್ವಿಚ್‌ಗಳಿರಲಿ. ಪ್ರತಿ ಸರ್ವರಿನಿಂದ ಎರಡಕ್ಕೂ ಒಂದೊಂದು ಕೇಬಲ್ ಹೋಗಲಿ. ಸ್ಟೋರೇಜ್ ಜಾಲದಲ್ಲಿ ಎಂಟಿಯು (ಒಂದು ಪ್ಯಾಕೆಟಿನಲ್ಲಿ ಸಾಗಬಲ್ಲ ಗರಿಷ್ಠ ಬೈಟ್) 9000 ಇದ್ದರೆ, ತುಂಡಾಗದಂತೆ ಕಳಿಸಿದ 8972 ಬೈಟಿನ ಪಿಂಗ್ (ಸಂಪರ್ಕವನ್ನು ಪರೀಕ್ಷಿಸುವ ಸಂದೇಶ) ಹಳೆಯ ರ‍್ಯಾಕ್‌ಗಳವರೆಗೂ ಮುಟ್ಟಬೇಕು. ಒಂದೇ ಒಂದು ಪೋರ್ಟಿನಲ್ಲಿ ಈ ಮೌಲ್ಯ ತಪ್ಪಿದರೂ ಸಣ್ಣ ಪಿಂಗ್ ಸರಾಗವಾಗಿ ಹೋಗುತ್ತದೆ, ದತ್ತಾಂಶ ಮಾತ್ರ ನಿಂತುಬಿಡುತ್ತದೆ. ಕಾರಣ ಹುಡುಕುವುದರಲ್ಲಿ ಇಡೀ ದಿನ ಹೋಗುತ್ತದೆ.

ಮೂರು ದಿನ ಸರ್ವರ್‌ಗಳನ್ನು ಪೂರ್ಣ ಲೋಡಿನಲ್ಲಿ ಓಡಿಸಿ, ಕ್ಲ್ಯಾಂಪ್ ಮೀಟರಿನಿಂದ ನಿಜವಾದ ಆಂಪಿಯರ್ ಅಳೆಯಿರಿ. ಅದೇ ಲೋಡಿನಲ್ಲಿ ಮೊದಲು ‘ಎ’ ಫೀಡನ್ನು, ಆಮೇಲೆ ‘ಬಿ’ಯನ್ನು ನೀವಾಗಿಯೇ ಬಂದ್ ಮಾಡಿ ನೋಡಿ. ಈ ಪರೀಕ್ಷೆಗೆ ಹಿಂಜರಿಯುವವರು ಬಹಳ ಮಂದಿ. ಆದರೆ ರೋಗಿಗಳ ದಾಖಲೆಯಾಗಲಿ ಠೇವಣಿದಾರರ ಖಾತೆಯಾಗಲಿ ಇನ್ನೂ ಈ ರ‍್ಯಾಕಿಗೆ ಬಂದಿಲ್ಲದ ಈ ಮೂರು ದಿನಗಳಲ್ಲಿ ಆಗದ ಪರೀಕ್ಷೆ ಮುಂದೆ ಎಂದೂ ಆಗುವುದಿಲ್ಲ.

ಕ್ಲೌಡಿಗೆ ಸೇರಿಸುವುದು

ಖಾಸಗಿ ಕ್ಲೌಡನ್ನು ನಡೆಸುವ ತಂತ್ರಾಂಶವಾದ ಓಪನ್‌ಸ್ಟ್ಯಾಕಿನಲ್ಲಿ ಹೊಸ ಕಂಪ್ಯೂಟ್ ಸರ್ವರ್‌ಗಳನ್ನು ನಿಷ್ಕ್ರಿಯ ಸ್ಥಿತಿಯಲ್ಲಿ ನೋಂದಾಯಿಸಿ, ಒಂದೆರಡು ಪ್ರಾಯೋಗಿಕ ವರ್ಚುವಲ್ ಯಂತ್ರಗಳು (ಸರ್ವರಿನೊಳಗೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ಗಳು) ಸರಿಯಾಗಿ ನಡೆದ ಮೇಲೆಯೇ ಸಕ್ರಿಯಗೊಳಿಸಬೇಕು. ಹೊಸ ಸರ್ವರಿನ ಸಿಪಿಯು ಹೊಸ ತಲೆಮಾರಿನದಾಗಿದ್ದರೆ, ಹಳೆಯದಕ್ಕೂ ಹೊಸದಕ್ಕೂ ಸಾಮಾನ್ಯವಾದ ಸಿಪಿಯು ಮಾದರಿಯನ್ನು ಮೊದಲೇ ನಿಗದಿಪಡಿಸಿರಿ. ಇಲ್ಲವಾದರೆ ಇಲ್ಲಿ ಹುಟ್ಟಿದ ಯಂತ್ರವನ್ನು, ಅದು ಓಡುತ್ತಿರುವಂತೆಯೇ, ಹಳೆಯ ರ‍್ಯಾಕಿಗೆ ಸ್ಥಳಾಂತರಿಸಲು ಸಾಧ್ಯವಾಗದು.

ಸ್ಟೋರೇಜಿಗೆ, ದತ್ತಾಂಶವನ್ನು ಹಲವು ಸರ್ವರ್‌ಗಳ ಡಿಸ್ಕ್‌ಗಳಲ್ಲಿ ಹಂಚಿಡುವ ಸೆಫ್ ತಂತ್ರಾಂಶವನ್ನು ಬಳಸುವವರಿಗೆ ಮೂರನೆಯ ರ‍್ಯಾಕ್ ಒಂದು ವಿಶೇಷ ಅವಕಾಶ. ಪ್ರತಿ ದತ್ತಾಂಶದ ಮೂರು ಪ್ರತಿಗಳನ್ನು ಮೂರು ಬೇರೆ ಬೇರೆ ರ‍್ಯಾಕ್‌ಗಳಲ್ಲಿಡುವ ನಿಯಮವನ್ನು ಎರಡು ರ‍್ಯಾಕ್‌ಗಳಿರುವಾಗ ಪಾಲಿಸಲು ಬರುವುದಿಲ್ಲ. ಮೂರಾದಾಗ ಒಂದು ಪೂರ್ತಿ ಆರಿದರೂ ಎರಡು ಪ್ರತಿಗಳು ಉಳಿಯುತ್ತವೆ. ಆದರೆ ಡಿಸ್ಕ್‌ಗಳನ್ನೆಲ್ಲ ಒಮ್ಮೆಗೇ ಪೂರ್ಣ ತೂಕದಲ್ಲಿ ಸೇರಿಸಬಾರದು (ಒಂದು ಡಿಸ್ಕಿಗೆ ಎಷ್ಟು ಪಾಲು ದತ್ತಾಂಶ ಹೋಗಬೇಕೆಂದು ಸೆಫ್‌ಗೆ ಹೇಳುವ ಸಂಖ್ಯೆಯೇ ಇಲ್ಲಿ ‘ತೂಕ’). ಸಮಾನ ಗಾತ್ರದ ರ‍್ಯಾಕ್ ಬಂದಾಗ ಸುಮಾರು ಮೂರನೇ ಒಂದು ಭಾಗ ದತ್ತಾಂಶ ಅದರೊಳಕ್ಕೆ ಹರಿಯುತ್ತದೆ. ಡಿಸ್ಕ್‌ಗಳಲ್ಲಿ 60 ಟೆರಾಬೈಟ್ ತುಂಬಿದ್ದರೆ 20 ಟೆರಾಬೈಟ್ ಸಾಗಬೇಕು. ಸೆಕೆಂಡಿಗೆ 500 ಮೆಗಾಬೈಟಿನಂತೆ ಹೋದರೂ ಅದಕ್ಕೆ 11 ಗಂಟೆ ಹಿಡಿಯುತ್ತದೆ. ತೂಕವನ್ನು ಸೊನ್ನೆಯಿಂದ ಆರಂಭಿಸಿ, ಹೊರರೋಗಿ ವಿಭಾಗವೋ ಬ್ಯಾಂಕಿನ ಕೌಂಟರೋ ಮುಚ್ಚಿದ ಮೇಲೆ ರಾತ್ರಿಗಳಲ್ಲಿ ಹಂತಹಂತವಾಗಿ ಏರಿಸಿರಿ. ರ‍್ಯಾಕ್ ನಿಯಮಕ್ಕೆ ಬದಲಿಸುವಾಗ ದತ್ತಾಂಶ ಮತ್ತೊಮ್ಮೆ ಸರಿದಾಡುವುದರಿಂದ, ಮೊದಲ ಹರಿವು ಮುಗಿದ ನಂತರ ಇನ್ನೊಂದು ವಾರಾಂತ್ಯವನ್ನು ಅದಕ್ಕೆ ಮೀಸಲಿಡಿ. ಡಿಸ್ಕ್ ಶೇ 85 ತುಂಬಿದಾಗ ಸೆಫ್ ಎಚ್ಚರಿಸುತ್ತದೆ, ಶೇ 95ರಲ್ಲಿ ಬರೆಯುವುದನ್ನೇ ನಿಲ್ಲಿಸುತ್ತದೆ. ಹಳೆಯ ರ‍್ಯಾಕ್‌ಗಳು ಶೇ 70 ತಲುಪುವಾಗಲೇ ಈ ಕೆಲಸ ಕೈಗೆತ್ತಿಕೊಂಡರೆ ಆ ಎರಡು ಸರಿದಾಟಗಳಿಗೂ ಜಾಗ ಸಿಗುತ್ತದೆ.